ಹೊಸ ಸಸಿಗೆ ಹಳೆಯ ಮೊಸಾಯಿಕ್: ಪಾಲಿಹೌಸ್ ಮಣ್ಣಿನಲ್ಲಿ ಉಳಿದ ವೈರಸ್ಸಿನ ಪತ್ತೆ ಮತ್ತು ನಿವಾರಣೆ

ದೂರು ಹೀಗಿರುತ್ತದೆ

ದೊಣ್ಣೆ ಮೆಣಸಿನಕಾಯಿ ಅಥವಾ ಟೊಮೆಟೊದ ಹಳೆಯ ಬೆಳೆ ಮುಗಿದಿದೆ. ಗಿಡಗಳನ್ನು ಬುಡಕ್ಕೆ ಕತ್ತರಿಸಿ, ಒಣಗಿಸಿ, ರೋಟವೇಟರ್ ಹೊಡೆಸಿ ಮಣ್ಣಿಗೇ ಸೇರಿಸಲಾಗಿದೆ. ಸಾಗಣೆಯ ಖರ್ಚು ಉಳಿಯಿತು, ಮಣ್ಣಿಗೆ ಸಾವಯವ ಅಂಶವೂ ಸೇರಿತು ಎಂಬ ಲೆಕ್ಕ. ಮಡಿ ಕಟ್ಟಿ ಹೊಸ ಸಸಿ ನಾಟಿ ಮಾಡಿ ಮೂರರಿಂದ ಐದು ವಾರವಾಗುವಷ್ಟರಲ್ಲಿ ಅಲ್ಲೊಂದು ಇಲ್ಲೊಂದು ಗಿಡದ ಸುಳಿ ಎಲೆಯಲ್ಲಿ ತಿಳಿ ಹಸಿರು, ಕಡು ಹಸಿರಿನ ಮಚ್ಚೆ ಕಾಣುತ್ತದೆ. ಇದೇ ಮೊಸಾಯಿಕ್. ಕುಡಿ ಚಿವುಟಿ ದಾರ ಸುತ್ತಿದ ಎರಡು ವಾರಕ್ಕೆ ಅದೇ ಸಾಲಿನ ಅಕ್ಕಪಕ್ಕದ ಗಿಡಗಳಿಗೂ ಬರುತ್ತದೆ. ಬಿಳಿ ನೊಣಕ್ಕೆ, ಹೇನಿಗೆ ಎಷ್ಟು ಔಷಧಿ ಹೊಡೆದರೂ ನಿಲ್ಲುವುದಿಲ್ಲ. ಮುಂದೆ ಕಾಯಿ ಸಣ್ಣದಾಗುತ್ತದೆ, ಮೈ ಉಬ್ಬುತಗ್ಗಾಗುತ್ತದೆ, ಬಣ್ಣ ಸರಿಯಾಗಿ ತಿರುಗುವುದಿಲ್ಲ. ಮಾರುಕಟ್ಟೆಯಲ್ಲಿ ಎರಡನೇ ದರ್ಜೆಗೂ ಸಲ್ಲದು.

ಕೋಲಾರ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ಪಾಲಿಹೌಸಿನ ಸಾಲ ತೀರಿಸಬೇಕಾದವರು ಬೆಲೆ ಸಿಗುವ ಒಂದೇ ಬೆಳೆಯನ್ನು ಒಂದೇ ಜಾಗಕ್ಕೆ ಮತ್ತೆಮತ್ತೆ ಹಾಕುವುದು ಸಹಜ. ಈ ದೋಷ ಹುಟ್ಟಿಕೊಳ್ಳುವುದೂ ಅಲ್ಲೇ. ಮೊದಲೇ ಹೇಳಿಬಿಡಬೇಕಾದ ಮಾತೊಂದಿದೆ: ಮಣ್ಣು ನೇರವಾಗಿ ರೋಗ ಹತ್ತಿಸುವುದು ಕೆಲವೇ ಗಿಡಗಳಿಗೆ. ಆ ಕೆಲವನ್ನು ಇಡೀ ಪಾಲಿಹೌಸಿಗೆ ಹಂಚುವುದು ಕೆಲಸದವರ ಕೈ, ಕತ್ತರಿ, ದಾರ. ಮಣ್ಣನ್ನಷ್ಟೇ ಸರಿಪಡಿಸಿದರೂ, ಕೈಯನ್ನಷ್ಟೇ ತೊಳೆದರೂ ಅರ್ಧ ಕೆಲಸವಾದಂತೆ.

ಮಣ್ಣನ್ನು ಶಂಕಿಸುವ ಮುನ್ನ

ಹೊಲದಲ್ಲಿ ಕಾಣುವ ನಂಜುರೋಗಗಳಲ್ಲಿ ಹೆಚ್ಚಿನವಕ್ಕೂ ಮಣ್ಣಿಗೂ ಸಂಬಂಧವಿಲ್ಲ. ಟೊಮೆಟೊ ಎಲೆ ಮುಟುರು ರೋಗದ ವೈರಸ್ಸು ಬಿಳಿ ನೊಣದ ಮೂಲಕ ಬರುತ್ತದೆ. ಗಿಡ ಸತ್ತು ಕೊಳೆತರೆ ಅದೂ ಮುಗಿಯಿತು. ಸೌತೆ ಮೊಸಾಯಿಕ್ ವೈರಸ್ಸನ್ನು ತರುವುದು ಹೇನು. ಅದು ಕಳೆಗಳಲ್ಲಿ ಉಳಿದೀತು, ಕೊಳೆತ ಎಲೆಯಲ್ಲಿ ಹೆಚ್ಚು ದಿನ ಉಳಿಯದು. ಇಂಥ ರೋಗಕ್ಕೆ ಮಣ್ಣು ಬದಲಿಸುವುದು, ಹಬೆ ಕೊಡಿಸುವುದು ದುಡ್ಡು ದಂಡ.

ನಡುವೆ ನಿಲ್ಲುವ ಒಂದು ಪ್ರಕರಣವಿದೆ. ಟೊಮೆಟೊದ ಸುಳಿ ಕಂದಾಗಿ ಸುಟ್ಟು, ಹಣ್ಣಿನ ಮೇಲೆ ಉಂಗುರ ಮೂಡಿಸುವ ನೆಲಗಡಲೆ ಮೊಗ್ಗು ಕೊಳೆ ವೈರಸ್ಸು ಥ್ರಿಪ್ಸ್ ನುಸಿಯಿಂದ ಬರುತ್ತದೆ. ಥ್ರಿಪ್ಸ್ ಮರಿಯಾಗಿದ್ದಾಗಲೇ ವೈರಸ್ಸನ್ನು ಹೀರಿಕೊಳ್ಳುತ್ತದೆ, ಕೋಶಾವಸ್ಥೆಯನ್ನು ಹೆಚ್ಚಾಗಿ ಮೇಲ್ಮಣ್ಣಿನಲ್ಲಿ, ಉದುರಿದ ಎಲೆಗಳಡಿಯಲ್ಲಿ ಕಳೆಯುತ್ತದೆ, ಪ್ರೌಢ ಕೀಟವಾಗಿ ಹೊರಬರುವಾಗ ವೈರಸ್ಸನ್ನು ಹೊತ್ತೇ ಬರುತ್ತದೆ. ಹಳೆ ಬೆಳೆ ಕಿತ್ತ ವಾರದಲ್ಲೇ ಹೊಸದನ್ನು ನಾಟಿ ಮಾಡಿದವರಿಗೆ ಇದು ಮಣ್ಣಿನ ರೋಗದಂತೆಯೇ ಕಾಣುತ್ತದೆ. ಪಾಲಿಹೌಸ್ ಮುಚ್ಚಿ, ಒಳಗೆ ಒಂದು ಹಸಿರು ಗಿಡವೂ ಇಲ್ಲದಂತೆ ಮೂರ್ನಾಲ್ಕು ವಾರ ಖಾಲಿ ಬಿಟ್ಟರೆ ಅದರ ಕೊಂಡಿ ಕಡಿಯುತ್ತದೆ. ನಾವು ಹುಡುಕುತ್ತಿರುವ ವೈರಸ್ಸು ಅಷ್ಟಕ್ಕೆ ಜಗ್ಗುವುದಲ್ಲ.

ವೈರಸ್ಸೇ ಅಲ್ಲದವೂ ಇವೆ. ಮೆಣಸಿನ ಎಲೆಯ ಅಂಚು ಕೆಳಮುಖವಾಗಿ ಮಡಚಿ, ಎಲೆ ಉದ್ದವಾಗಿ ಎಳೆದಂತಾಗಿ, ಅಡಿಭಾಗ ಕಂಚಿನ ಬಣ್ಣಕ್ಕೆ ತಿರುಗಿದ್ದರೆ ಅದು ಹಳದಿ ಮೈಟ್ ನುಸಿ. ಅಂಚು ಮೇಲ್ಮುಖವಾಗಿ ದೋಣಿಯಾದರೆ ಥ್ರಿಪ್ಸ್. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಎಲೆಯಡಿ ನೋಡಿದರೆ ಐದು ನಿಮಿಷದಲ್ಲಿ ತೀರ್ಮಾನ. ಪಕ್ಕದ ರಾಗಿ ಹೊಲಕ್ಕೆ 2,4-ಡಿ ಕಳೆನಾಶಕ ಹೊಡೆದ ಗಾಳಿ ಬೀಸಿದ್ದರೆ ಟೊಮೆಟೊದ ಎಲೆ ದಾರದಂತೆ ಸಪೂರಾಗುತ್ತದೆ. ಆದರೆ ಅದು ಗಾಳಿ ಬಂದ ದಿಕ್ಕಿನ ಎಲ್ಲ ಗಿಡಗಳಿಗೂ ಒಂದೇ ದಿನ ಕಾಣುತ್ತದೆ, ಸಾಲು ಹಿಡಿದು ಹರಡುವುದಿಲ್ಲ.

ಮಣ್ಣಿನಲ್ಲಿ ಉಳಿಯುವವು ಯಾವುವು

ಟೊಬಾಮೊ ಎಂಬ ಒಂದು ಗುಂಪು. ತಂಬಾಕು ಮೊಸಾಯಿಕ್ ವೈರಸ್ ಅದರ ಹಿರಿಯಣ್ಣ. ಟೊಮೆಟೊ ಮೊಸಾಯಿಕ್, ದೊಣ್ಣೆ ಮೆಣಸಿನ ಪೆಪ್ಪರ್ ಮೈಲ್ಡ್ ಮಾಟಲ್, ಸೌತೆ-ಕಲ್ಲಂಗಡಿ-ಸೋರೆಯ ಕುಕುಂಬರ್ ಗ್ರೀನ್ ಮಾಟಲ್ ಮೊಸಾಯಿಕ್ ಇವೆಲ್ಲ ಅದೇ ಕುಟುಂಬ. 2014ರಲ್ಲಿ ಇಸ್ರೇಲ್‌ನಲ್ಲೂ ಮರುವರ್ಷ ಜೋರ್ಡಾನ್‌ನಲ್ಲೂ ಕಂಡ ಟೊಮೆಟೊ ಬ್ರೌನ್ ರುಗೋಸ್ ಫ್ರೂಟ್ ವೈರಸ್ ಸಹ ಇದರದೇ ಕುಡಿ.

ಇವುಗಳಿಗೆ ಕೀಟದ ಹಂಗಿಲ್ಲ. ತಂಬಾಕು ಮೊಸಾಯಿಕ್ ಕಣ 300 ನ್ಯಾನೊಮೀಟರ್ ಉದ್ದ, 18 ನ್ಯಾನೊಮೀಟರ್ ದಪ್ಪದ ಗಟ್ಟಿ ಕಡ್ಡಿ; ಒಳಗಿನ ಆರ್‌ಎನ್‌ಎ ಎಳೆಯ ಸುತ್ತ ಪ್ರೋಟೀನಿನ ಹೊದಿಕೆ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಗಿಡದ ರಸದಲ್ಲಿ ಅದು ಸತ್ವ ಕಳೆದುಕೊಳ್ಳಬೇಕಾದರೆ 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಯಲ್ಲಿ ಹತ್ತು ನಿಮಿಷ ಇರಬೇಕು. ಒಣಗಿಸಿಟ್ಟ ಎಲೆಯಲ್ಲಿ ದಶಕಗಳ ಕಾಲ ಜೀವ ಹಿಡಿದಿರುತ್ತದೆ. ಬೀಡಿ, ಸಿಗರೇಟು, ಹೊಗೆಸೊಪ್ಪು ಮುಟ್ಟಿದ ಕೈಯಿಂದ ಟೊಮೆಟೊಕ್ಕೆ ರೋಗ ಬರುವುದೂ ಇದೇ ಕಾರಣಕ್ಕೆ. ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕಿನ ಕೂಳೆ ಉಳಿದ ಹೊಲಕ್ಕೆ ಟೊಮೆಟೊ ಇಡುವವರು ಇದನ್ನು ನೆನಪಿಡಬೇಕು.

ಮಣ್ಣಿನಲ್ಲಿ ಇದು ಎರಡು ಬಗೆಯಲ್ಲಿರುತ್ತದೆ. ಒಂದು, ಕೊಳೆಯದ ಬೇರು-ಕಾಂಡದ ತುಂಡಿನೊಳಗೆ. ಇನ್ನೊಂದು, ತುಂಡು ಕೊಳೆತ ಮೇಲೆ ಹೊರಬಿದ್ದು ಜೇಡಿಕಣಕ್ಕೆ ಅಂಟಿಕೊಂಡು. ತುಂಡಿನೊಳಗಿನ ವೈರಸ್ಸೇ ನಿಜವಾದ ಕಾಟ. ಅಂಗಾಂಶ ಎಲ್ಲಿಯವರೆಗೆ ಗಟ್ಟಿಯಾಗಿರುತ್ತದೋ ಅಲ್ಲಿಯವರೆಗೆ ಅದಕ್ಕೆ ರಕ್ಷಣೆ. ಹೊರಬಿದ್ದ ಬರಿಯ ಕಣವನ್ನು ಸೂಕ್ಷ್ಮಜೀವಿಗಳು ತಿಂದುಹಾಕುತ್ತವೆ. ಮಣ್ಣು ಪದೇಪದೇ ಒದ್ದೆಯಾಗಿ ಒಣಗುವುದೂ ಅದನ್ನು ಕೆಡಿಸುತ್ತದೆ.

ಎಡವುವುದು ಇಲ್ಲಿಯೇ. "ಮಣ್ಣು ಒಣಗಿಸಿದರೆ ವೈರಸ್ಸು ಸಾಯುತ್ತದೆ" ಎಂದು ಕೇಳಿ, ಕೊಚ್ಚಿದ ಕಸ ಸೇರಿದ ಕೂಡಲೇ ನೀರು ನಿಲ್ಲಿಸಿ ಬೇಸಿಗೆಯಿಡೀ ಪಾಲಿಹೌಸ್ ಮುಚ್ಚಿಡುತ್ತಾರೆ. ಆಗುವುದು ತದ್ವಿರುದ್ಧ: ಬೇರಿನ ತುಂಡು ಕೊಳೆಯುವ ಮೊದಲೇ ಒಣಗಿ ಗರಿಗರಿಯಾಗಿ, ವೈರಸ್ಸು ಉಪ್ಪಿನಕಾಯಿ ಹಾಕಿದಂತೆ ಭದ್ರವಾಗುತ್ತದೆ. ಮೊದಲು ತೇವದಲ್ಲಿ ಕೊಳೆಸಬೇಕು, ಆಮೇಲೆ ಒಣಗಿಸಬೇಕು. ಈ ಅನುಕ್ರಮ ತಪ್ಪಿದರೆ ಒಂದು ಬೇಸಿಗೆ ವ್ಯರ್ಥ.

ಆಳದ್ದು ಇನ್ನೊಂದು ತೊಡಕು. ರೋಟವೇಟರ್ ತಿರುವುವುದು 15-20 ಸೆಂ.ಮೀ. ಮಾತ್ರ, ಹತ್ತು ತಿಂಗಳು ನಿಂತ ಟೊಮೆಟೊದ ಬೇರು ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಕೆಳಮಣ್ಣಿನಲ್ಲಿ ಗಾಳಿ ಕಡಿಮೆ, ಕೊಳೆಯುವುದು ನಿಧಾನ. ಇಂಗ್ಲೆಂಡಿನ ಗಾಜಿನಮನೆಗಳ ಟೊಮೆಟೊ ಮಣ್ಣಿನ ಮೇಲೆ 1960ರ ದಶಕದಲ್ಲಿ ನಡೆದ ಅಧ್ಯಯನಗಳಲ್ಲಿ ಆಳದ ಬೇರಿನ ತುಂಡುಗಳಲ್ಲಿದ್ದ ವೈರಸ್ಸು ಎರಡು ವರ್ಷದ ಹತ್ತಿರ ಹತ್ತಿರ ರೋಗ ಹತ್ತಿಸುವ ಸ್ಥಿತಿಯಲ್ಲಿತ್ತು. ನಮ್ಮ ಮಣ್ಣು ಬೆಚ್ಚಗಿರುವುದರಿಂದ ತೇವವಿದ್ದಲ್ಲಿ ಕೊಳೆಯುವ ವೇಗ ಹೆಚ್ಚು. ಆದರೆ ಹನಿ ನೀರಾವರಿಯ ಪಾಲಿಹೌಸಿನಲ್ಲಿ ತೇವ ಎಲ್ಲ ಕಡೆ ಸಮನಾಗಿರುವುದಿಲ್ಲ. ಡ್ರಿಪ್ಪರಿನ ಕೆಳಗೆ ಹಸಿ, ಮಡಿಯ ಭುಜ ಮತ್ತು ಓಡಾಡುವ ದಾರಿ ಬೆಂಗಾಡು. ಹಳೆಯ ತುಂಡುಗಳು ಬದುಕಿ ಉಳಿಯುವುದು ಆ ಒಣ ಜಾಗದಲ್ಲಿ. ಮುಂದಿನ ಸಲ ಮಡಿ ಕಟ್ಟುವಾಗ ದಾರಿಯ ಮಣ್ಣನ್ನೇ ಎಳೆದು ಮಡಿಗೆ ಏರಿಸುತ್ತೇವೆ.

ಹೊಸ ಗಿಡಕ್ಕೆ ಇದು ದಾಟುವುದು ಬೇರಿನ ಗಾಯದಿಂದ. ಪ್ರೋಟ್ರೇಯಿಂದ ಎಳೆಯುವಾಗ, ಮಡಿಯಲ್ಲಿ ಒತ್ತಿ ಕೂರಿಸುವಾಗ, ಬೇರುಗಂಟು ಜಂತುಹುಳು ಕೊರೆದಾಗ ಆದ ಗಾಯ ಸಾಕು. ಮೊದಲು ಬೇರಿಗಷ್ಟೇ ಸೋಂಕು; ಮೇಲಕ್ಕೆ ಏರಲು ವಾರಗಳು ಬೇಕು, ಕೆಲವೊಮ್ಮೆ ಏರುವುದೇ ಇಲ್ಲ. ಎಲೆ ಚೆನ್ನಾಗಿದೆ ಎಂದ ಮಾತ್ರಕ್ಕೆ ಬೇರು ಶುದ್ಧವೆನ್ನಲಾಗದು.

ಪತ್ತೆ, ಮೊದಲ ಹಂತ: ನಕ್ಷೆ

ಖರ್ಚಿಲ್ಲದ ಪರೀಕ್ಷೆ ಇದು, ಮಾಡುವವರು ಕಡಿಮೆ. ಮಡಿಗಳ ನಕ್ಷೆ ಬರೆದು, ಮಚ್ಚೆ ಕಂಡ ಪ್ರತಿ ಗಿಡವನ್ನು ದಿನಾಂಕದೊಂದಿಗೆ ಗುರುತಿಸಿ. ವಾರಕ್ಕೊಮ್ಮೆ, ನಾಲ್ಕು ವಾರ.

ಬಾಗಿಲು, ಪಕ್ಕದ ಪರದೆಯ ಬಳಿ ಮೊದಲು ಕಂಡು ಒಳಕ್ಕೆ ಹರಡಿದರೆ ಕೀಟದ ಕೆಲಸ. ನಾಟಿಯಾದ ಹತ್ತು ದಿನದೊಳಗೇ, ಒಂದೇ ಟ್ರೇಯಿಂದ ಬಂದ ಸಸಿಗಳಲ್ಲಿ ಒಟ್ಟಾಗಿ ಕಂಡರೆ ಬೀಜ ಅಥವಾ ನರ್ಸರಿ. ಆದ್ದರಿಂದ ನಾಟಿ ಮಾಡುವಾಗಲೇ ಯಾವ ಟ್ರೇ ಯಾವ ಮಡಿಗೆ ಹೋಯಿತೆಂದು ಬರೆದಿಡಿ. ಆಮೇಲೆ ಯಾರ ನೆನಪಿಗೂ ಬರುವುದಿಲ್ಲ. ಮೂರನೇ ವಾರದ ನಂತರ, ಕಳೆದ ಬೆಳೆಯಲ್ಲಿ ರೋಗ ಇದ್ದ ಮಡಿಗಳಲ್ಲೇ, ಒಂದಕ್ಕೊಂದು ಸಂಬಂಧವಿಲ್ಲದ ಒಂಟಿ ಗಿಡಗಳಲ್ಲಿ ಕಂಡರೆ ಮಣ್ಣಿನ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಕುಡಿ ಚಿವುಟಿದ ನಂತರ ಒಂದು ಗಿಡದಿಂದ ಆರಂಭವಾಗಿ ಕೆಲಸದವರು ನಡೆದ ದಿಕ್ಕಿನಲ್ಲೇ ಸಾಲಾಗಿ ಬಂದರೆ ಅದು ಕೈಯಿಂದಾದ ಹರಡುವಿಕೆ.

ಬಯಲಿನ ಟೊಮೆಟೊದಲ್ಲಿ ಮಣ್ಣಿನ ಸೋಂಕನ್ನು ಹೋಲುವ ಇನ್ನೊಂದು ಮೂಲವಿದೆ: ಆಸರೆಗೆ ನೆಡುವ ನೀಲಗಿರಿ, ಬಿದಿರಿನ ಕಡ್ಡಿ. ಹೋದ ವರ್ಷದ ರಸ ಒಣಗಿ ಅಂಟಿದ ಕಡ್ಡಿ ಹೊಸ ಹೊಲಕ್ಕೂ ರೋಗ ಒಯ್ಯುತ್ತದೆ. ಟೊಮೆಟೊವನ್ನೇ ಕಾಣದ ಹೊಲದಲ್ಲಿ ಮೊಸಾಯಿಕ್ ಬಂದರೆ ಕಡ್ಡಿ, ದಾರ, ಕ್ರೇಟುಗಳನ್ನು ಮೊದಲು ವಿಚಾರಿಸಿ.

ಎರಡನೇ ಹಂತ: ಯಾವ ವೈರಸ್ಸು?

ಎಲೆಯ ಮೇಲೆ ಸ್ಟ್ರಿಪ್ ಪರೀಕ್ಷೆ ಮಾಡಿ. ಸುಳಿಯಿಂದ ಎರಡನೇ-ಮೂರನೇ ಎಲೆಯ ಚೂರನ್ನು ಕಿಟ್‌ನ ದ್ರಾವಣದಲ್ಲಿ ಅರೆದು ಪಟ್ಟಿ ಅದ್ದಿದರೆ ಕಾಲು ಗಂಟೆಯಿಂದ ಅರ್ಧ ಗಂಟೆಯೊಳಗೆ ಫಲಿತಾಂಶ. ಪಟ್ಟಿ ಕೊಳ್ಳುವಾಗ ಅದು ಯಾವ ವೈರಸ್ಸಿಗೆಂದು ಓದಿ. ತಂಬಾಕು ಮೊಸಾಯಿಕ್ ಪಟ್ಟಿ ಟೊಬಾಮೊ ಗುಂಪಿನ ಹತ್ತಿರದ ನೆಂಟರಿಗೂ ಗೆರೆ ತೋರಿಸಬಹುದು. ಗುಂಪು ಖಚಿತವಾಗುತ್ತದೆ, ಹೆಸರು ಖಚಿತವಾಗುವುದಿಲ್ಲ. ಮುಂದಿನ ಬೆಳೆಗೆ ಯಾವ ನಿರೋಧಕ ತಳಿ ಎಂಬ ತೀರ್ಮಾನಕ್ಕೆ ಹೆಸರೇ ಬೇಕು. ಅದಕ್ಕೆ ಆರ್‌ಟಿ-ಪಿಸಿಆರ್ ಮಾಡಿಸಬೇಕು. ಕೃಷಿ, ತೋಟಗಾರಿಕೆ ವಿಶ್ವವಿದ್ಯಾಲಯಗಳ ಸಸ್ಯರೋಗ ವಿಭಾಗದಲ್ಲಿ ವಿಚಾರಿಸಿ. ಮಾದರಿಯನ್ನು ಒದ್ದೆ ಪೇಪರಿನಲ್ಲಿ ಸುತ್ತಿ, ಜಿಪ್ ಚೀಲದಲ್ಲಿಟ್ಟು, ಐಸ್ ಜೆಲ್ ಜೊತೆ ಒಯ್ಯಿರಿ. ನೀರು ತೊಟ್ಟಿಕ್ಕುವಷ್ಟು ಒದ್ದೆ ಮಾಡಿದರೆ ದಾರಿಯಲ್ಲೇ ಕೊಳೆಯುತ್ತದೆ.

ಮೂರನೇ ಹಂತ: ಮಣ್ಣಿನಲ್ಲಿ ಇದೆಯೇ?

ಬರಿಯ ಮಣ್ಣನ್ನು ಪರೀಕ್ಷೆಗೆ ಕೊಡುವುದು ಬಹುತೇಕ ನಿರರ್ಥಕ. ವೈರಸ್ಸು ಜೇಡಿಗೆ ಅಂಟಿರುತ್ತದೆ, ಮಣ್ಣಿನ ಹ್ಯೂಮಿಕ್ ಆಮ್ಲ ಪಿಸಿಆರ್ ಕ್ರಿಯೆಯನ್ನೇ ತಡೆಯುತ್ತದೆ. ಬೇರಿನ ತುಂಡು ಹುಡುಕಿ.

ಸಂಶಯವಿರುವ ಪ್ರತಿ ಮಡಿಯಿಂದ ಆರೆಂಟು ಕಡೆ, 0-20 ಸೆಂ.ಮೀ. ಒಂದು ಮಾದರಿ, 20-40 ಸೆಂ.ಮೀ. ಇನ್ನೊಂದು ಮಾದರಿ ತೆಗೆಯಿರಿ, ಎರಡನ್ನು ಬೆರೆಸಬೇಡಿ. ದಾರಿಯ ಮಣ್ಣಿನದೂ ಒಂದು ಇರಲಿ. 2 ಮಿ.ಮೀ. ಜರಡಿಯ ಮೇಲೆ ನೀರು ಹಾಯಿಸಿದರೆ ಬೇರು, ಕಾಂಡದ ಚೂರು ಮೇಲೆ ಉಳಿಯುತ್ತವೆ. ತೊಳೆದು, ಒಂದು ಗ್ರಾಂ ಚೂರಿಗೆ ಹತ್ತು ಮಿ.ಲೀ. ದ್ರಾವಣ ಹಾಕಿ ಕುಟ್ಟಾಣಿಯಲ್ಲಿ ಅರೆದು ಸ್ಟ್ರಿಪ್ ಹಾಕಿ. ಗೆರೆ ಬಂದರೆ ವೈರಸ್ಸಿನ ಪ್ರೋಟೀನ್ ಅಲ್ಲಿದೆ ಎಂದರ್ಥ. ಅದು ರೋಗ ಹತ್ತಿಸುವ ಶಕ್ತಿ ಉಳಿಸಿಕೊಂಡಿದೆಯೇ ಎಂಬುದು ಸ್ಟ್ರಿಪ್‌ಗೂ ಗೊತ್ತಾಗದು, ಪಿಸಿಆರ್‌ಗೂ ಗೊತ್ತಾಗದು. ಗೆರೆ ಬಾರದಿದ್ದರೂ ಅರೆಕೊಳೆತ ಬೇರಿನಲ್ಲಿ ಪ್ರಮಾಣ ಕಡಿಮೆಯಿದ್ದು ತಪ್ಪಿಸಿಕೊಂಡಿರಬಹುದು. ಜೀವ ಇದೆಯೋ ಇಲ್ಲವೋ ಎಂದು ಹೇಳಬಲ್ಲುದು ಜೀವಂತ ಗಿಡ ಮಾತ್ರ.

ಅದಕ್ಕೆ ದಾರಿ ಎರಡು. ಬೇಗ ತಿಳಿಯಬೇಕಾದರೆ ಸೂಚಕ ಗಿಡ, ತಂಬಾಕಿನ ಕುಲದ ನಿಕೋಟಿಯಾನಾ ಗ್ಲುಟಿನೋಸಾ. 1929ರಲ್ಲಿ ಹೋಮ್ಸ್ ಎಂಬ ವಿಜ್ಞಾನಿ ತೋರಿಸಿಕೊಟ್ಟ ವಿಧಾನ ಇಂದಿಗೂ ಕೈಕೊಟ್ಟಿಲ್ಲ. ಐದಾರು ಎಲೆಯ ಗಿಡದ ಮೇಲೆ ಎಲೆಗೆ ಸೂಕ್ಷ್ಮ ಗಾಯ ಮಾಡುವ 400-600 ಮೆಶ್‌ನ ಕಾರ್ಬೊರಂಡಮ್ ಪುಡಿ ತೆಳ್ಳಗೆ ಉದುರಿಸಿ, ಬೇರಿನ ರಸವನ್ನು ಪಿಎಚ್ 7ರ ಫಾಸ್ಫೇಟ್ ದ್ರಾವಣದಲ್ಲಿ ಕಲಸಿ ಎಲೆಯ ಅರ್ಧಕ್ಕೆ ಬೆರಳಿನಿಂದ ಹಗುರವಾಗಿ ಸವರಿ, ಉಳಿದರ್ಧಕ್ಕೆ ಬರಿಯ ದ್ರಾವಣ ಸವರಿ, ಕೂಡಲೇ ನೀರಿನಿಂದ ತೊಳೆಯಿರಿ. ಜೀವಂತ ವೈರಸ್ಸಿದ್ದರೆ ಎರಡರಿಂದ ನಾಲ್ಕು ದಿನದಲ್ಲಿ ಕಂದು ಚುಕ್ಕೆಗಳು ಮೂಡುತ್ತವೆ. ಗಿಡ 20-25 ಡಿಗ್ರಿಯಲ್ಲಿರಬೇಕು. 28 ಡಿಗ್ರಿ ದಾಟಿದರೆ ವೈರಸ್ಸನ್ನು ಚುಕ್ಕೆಯಲ್ಲೇ ತಡೆಯುವ ಗಿಡದ ಎನ್ ಜೀನ್ ಕೆಲಸ ಬಿಡುತ್ತದೆ. ಚುಕ್ಕೆಯಿಲ್ಲದೆ ವೈರಸ್ಸು ಗಿಡವಿಡೀ ಹರಡುತ್ತದೆ. ಏಪ್ರಿಲ್ ತಿಂಗಳಲ್ಲಿ ಪಾಲಿಹೌಸಿನೊಳಗೇ ಈ ಪರೀಕ್ಷೆ ಮಾಡಿ "ಏನೂ ಇಲ್ಲ" ಎಂದು ಬರೆದ ವರದಿಗೆ ಬೆಲೆಯಿಲ್ಲ. ಸೌತೆ-ಕಲ್ಲಂಗಡಿಯ ಗ್ರೀನ್ ಮಾಟಲ್‌ಗೆ ಗ್ಲುಟಿನೋಸಾ ಸಲ್ಲದು, ಕೀನೋಪೋಡಿಯಂ ಅಮರಾಂಟಿಕಲರ್ ಬಳಸಬೇಕು.

ಎರಡನೆಯದು ಎರೆ ಗಿಡದ ಪರೀಕ್ಷೆ: ಮೀನಿಗೆ ಎರೆ ಇಟ್ಟಂತೆ ವೈರಸ್ಸಿಗೆ ಸಸಿಯನ್ನೊಡ್ಡಿ ನೋಡುವುದು. ರೈತರೇ ಮಾಡಬಹುದಾದದ್ದು, ಉತ್ತರವೂ ನೇರ: ಈ ಮಣ್ಣಿನಲ್ಲಿ ನಾಟಿ ಮಾಡಿದರೆ ರೋಗ ಬರುತ್ತದೆಯೇ? ನಿರೋಧಕ ಗುಣವಿಲ್ಲದ ತಳಿಯ ಸಸಿಗಳನ್ನು ಮೂರು ಗುಂಪು ಮಾಡಿ. ಒಂದಕ್ಕೆ ಸಂಶಯದ ಮಣ್ಣು. ಎರಡನೆಯದಕ್ಕೆ ಅದೇ ಮಣ್ಣನ್ನು ಒದ್ದೆ ಮಾಡಿ, ಬಟ್ಟೆ ಚೀಲದಲ್ಲಿ ಕಟ್ಟಿ, ಪ್ರೆಷರ್ ಕುಕ್ಕರಿನಲ್ಲಿ ಒಂದು ಗಂಟೆ, ಮರುದಿನ ಮತ್ತೊಂದು ಗಂಟೆ ಬೇಯಿಸಿದ್ದು. ಮೂರನೆಯದಕ್ಕೆ ಹೊಸ ಕೋಕೋಪೀಟ್. ಎಲ್ಲ ಸಸಿಗಳ ಬೇರಿನ ತುದಿಯನ್ನೂ ಮೂರನೇ ಒಂದು ಭಾಗದಷ್ಟು ಕತ್ತರಿಸಿ ನೆಡಿ. ಗಾಯ ಮಾಡದಿದ್ದರೆ ಪರೀಕ್ಷೆ ಮಂದವಾಗುತ್ತದೆ. ನೆಡುವುದು, ನೀರು ಹಾಕುವುದು ಎಲ್ಲವೂ ಕೋಕೋಪೀಟ್ ಗುಂಪಿನಿಂದ ಆರಂಭವಾಗಿ ಸಂಶಯದ ಮಣ್ಣಿನಲ್ಲಿ ಮುಗಿಯಬೇಕು. ಐದಾರು ವಾರ ಬಿಟ್ಟು ಬೇರನ್ನೂ ಎಲೆಯನ್ನೂ ಬೇರೆಬೇರೆಯಾಗಿ ಸ್ಟ್ರಿಪ್‌ಗೆ ಹಾಕಿ.

ಎಷ್ಟು ಸಸಿ ಬೇಕು? ಇಲ್ಲಿ ಕೈಬಿಗಿ ಮಾಡಿದರೆ ಪರೀಕ್ಷೆ ಸುಳ್ಳು ಹೇಳುತ್ತದೆ. ನೂರಕ್ಕೆ ಎರಡು ಗಿಡಕ್ಕೆ ಸೋಂಕು ಹತ್ತಿಸುವ ಮಣ್ಣು ಎಂದಿಟ್ಟುಕೊಳ್ಳಿ. ಇಪ್ಪತ್ತು ಸಸಿ ನೆಟ್ಟರೆ ಒಂದಕ್ಕೂ ರೋಗ ಬಾರದಿರುವ ಸಾಧ್ಯತೆ ಶೇ 67. ನೂರು ನೆಟ್ಟರೆ ಅದು ಶೇ 13ಕ್ಕೆ, ನೂರೈವತ್ತು ನೆಟ್ಟರೆ ಶೇ 5ಕ್ಕೆ ಇಳಿಯುತ್ತದೆ. ಅಷ್ಟು ಜಾಗವಿಲ್ಲದವರು ಹತ್ತು ಕಿಲೋ ಮಣ್ಣನ್ನು ಜರಡಿ ಹಿಡಿದು ಸಿಕ್ಕ ಬೇರಿನ ಚೂರನ್ನಷ್ಟೇ ಒಂದು ಕಿಲೋ ಕೋಕೋಪೀಟಿಗೆ ಬೆರೆಸಿ ಅದರಲ್ಲಿ ನೆಡಬಹುದು. ಸೋಂಕು ಸಾಂದ್ರವಾಗಿ ಕಡಿಮೆ ಗಿಡದಲ್ಲೇ ಉತ್ತರ ಸಿಗುತ್ತದೆ. ಸ್ಟ್ರಿಪ್ ಖರ್ಚು ಉಳಿಸಲು ಐದೈದು ಗಿಡದ ಬೇರನ್ನು ಒಟ್ಟಿಗೆ ಅರೆದು, ಗೆರೆ ಬಂದ ಗುಂಪನ್ನು ಮಾತ್ರ ಬಿಡಿಸಿ ನೋಡಿ.

ಫಲಿತಾಂಶ ಓದುವ ಬಗೆ: ಮೊದಲ ಗುಂಪಿಗೆ ಮಾತ್ರ ರೋಗ ಬಂದರೆ ಮಣ್ಣೇ ಮೂಲ. ಮೂರಕ್ಕೂ ಬಂದರೆ ಬೀಜ ಅಥವಾ ನೀರು. ಬೇಯಿಸಿದ ಮಣ್ಣಿಗೂ ಬಂದು ಕೋಕೋಪೀಟಿಗೆ ಬಾರದಿದ್ದರೆ ಬೇಯಿಸಿದ್ದು ಸಾಲಲಿಲ್ಲ, ಇಲ್ಲವೇ ಕೈಯಿಂದ ದಾಟಿದೆ; ಪರೀಕ್ಷೆ ಮತ್ತೆ ಮಾಡಿ. ಬೇರಿನಲ್ಲಿ ಗೆರೆ, ಎಲೆಯಲ್ಲಿ ಇಲ್ಲ ಎಂದರೆ ಸೋಂಕಿನ ಆರಂಭ. ಅದನ್ನು ಋಣಾತ್ಮಕ ಎಂದು ಬರೆಯಬೇಡಿ.

ನೀರಿನ ಬಗ್ಗೆ ಒಂದು ಮಾತು. ಪೆಪ್ಪರ್ ಮೈಲ್ಡ್ ಮಾಟಲ್ ವೈರಸ್ಸು ಮನುಷ್ಯರು ತಿಂದ ಮೆಣಸಿನಕಾಯಿಯೊಂದಿಗೆ ಕರುಳು ದಾಟಿ ಮಲದಲ್ಲಿ ಹೊರಬರುತ್ತದೆ. ಎಷ್ಟರಮಟ್ಟಿಗೆ ಎಂದರೆ, ನೀರಿಗೆ ಮಾನವ ತ್ಯಾಜ್ಯ ಸೇರಿದೆಯೇ ಎಂದು ತಿಳಿಯಲು ಜಗತ್ತಿನಾದ್ಯಂತ ಇದನ್ನೇ ಗುರುತಾಗಿ ಬಳಸುತ್ತಾರೆ. ಚರಂಡಿ ನೀರು ಸೇರುವ ಕೆರೆ, ಕಾಲುವೆಯಿಂದ ನೀರೆತ್ತಿ ನರ್ಸರಿ ನಡೆಸುವುದು ಬೇಡ. ಹಾಗೆಯೇ, ರೋಗದ ಗಿಡವನ್ನು ದನ ತಿಂದು ಹಾಕಿದ ಸಗಣಿ ಸುರಕ್ಷಿತ ಎಂದುಕೊಂಡು ಅದೇ ಬೆಳೆಗೆ ಹಾಕುವುದೂ ಬೇಡ.

ನಿವಾರಣೆ: ಕಸ ತೆಗೆಯುವುದು

ಕೊನೆಯ ಕೊಯ್ಲಿನ ನಂತರ ನೀರು ನಿಲ್ಲಿಸಬೇಡಿ. ಒಣಗಿದ ಗಿಡ ಎಳೆದರೆ ಬೇರು ಕಡಿದು ಒಳಗೇ ಉಳಿಯುತ್ತದೆ. ಹಿಂದಿನ ದಿನ ಡ್ರಿಪ್ ಬಿಟ್ಟು ಮಡಿ ಮೆತ್ತಗೆ ಮಾಡಿ, ಗಿಡ ಹಸಿಯಿರುವಾಗಲೇ ಬುಡದ ಸುತ್ತ ಹಾರೆಯಿಂದ ಮೀಟಿ ಬೇರು ಸಮೇತ ಕೀಳಿಸಿ. ಟಾರ್ಪಾಲಿನ ಮೇಲೆ ಹಾಕಿ ಹೊರಗೆ ಸಾಗಿಸಿ, ದಾರಿಯುದ್ದಕ್ಕೂ ಎಲೆ ಉದುರಿಸಿಕೊಂಡು ಹೋಗಬೇಡಿ. ಬಿದ್ದ ಹಣ್ಣು ಬಿಡಬೇಡಿ: ಅದರ ಬೀಜದ ಸಿಪ್ಪೆಯಲ್ಲಿ ವೈರಸ್ಸಿರುತ್ತದೆ, ತಾನಾಗಿ ಹುಟ್ಟಿದ ಸಸಿ ಅದನ್ನು ಮುಂದಿನ ಬೆಳೆಗೆ ದಾಟಿಸುತ್ತದೆ. ಗಣಿಕೆ ಗಿಡವನ್ನೂ ಕಿತ್ತುಹಾಕಿ. ಹಳೆಯ ದಾರ ಮರುಬಳಕೆಗೆ ಅಲ್ಲ, ಎಸೆಯಿರಿ.

ಆ ಕಸ ಎಲ್ಲಿಗೆ? ಮನೆಯ ತಿಪ್ಪೆಗೆ ಅಲ್ಲ. ಕಾಂಪೋಸ್ಟ್ ಬಿಸಿಯಲ್ಲಿ ಸಾಯುತ್ತದೆ ಎಂಬ ನಂಬಿಕೆ ಬಹುತೇಕ ಶಿಲೀಂಧ್ರಗಳಿಗೆ ಸರಿ. 55 ಡಿಗ್ರಿಯಲ್ಲಿ ಮೂರು ವಾರವಿದ್ದರೆ ಅವುಗಳಲ್ಲಿ ಹೆಚ್ಚಿನವು ಮುಗಿಯುತ್ತವೆ. ತಂಬಾಕು ಮೊಸಾಯಿಕ್‌ಗೆ ಬರಿಯ ಬಿಸಿಯಿಂದಲೇ ಮುಗಿಸಬೇಕಾದರೆ 68 ಡಿಗ್ರಿಗೂ ಮೇಲೆ, ಇಪ್ಪತ್ತು ದಿನಕ್ಕೂ ಹೆಚ್ಚು ಬೇಕು. ಊರಿನ ತಿಪ್ಪೆಯ ಹೊರಪದರ ಎಂದೂ ಆ ಬಿಸಿ ಕಾಣುವುದಿಲ್ಲ. ಎರೆಗೊಬ್ಬರದ ತೊಟ್ಟಿ ತಣ್ಣಗಿರದಿದ್ದರೆ ಹುಳುವೇ ಬದುಕುವುದಿಲ್ಲ. 35-37 ಡಿಗ್ರಿಯ ಗೋಬರ್ ಗ್ಯಾಸ್ ಬಗ್ಗಡವೂ ಬಿಸಿಯಿಂದ ಇದನ್ನು ಕೊಲ್ಲಲಾರದು. ಹಾಗೆಂದು ಕಾಂಪೋಸ್ಟ್ ನಿಷ್ಪ್ರಯೋಜಕವಲ್ಲ: ಕಡಿಮೆ ಬಿಸಿಯಲ್ಲೂ ಸೂಕ್ಷ್ಮಜೀವಿಗಳು ತಿಂಗಳುಗಟ್ಟಲೆ ಕೆಲಸ ಮಾಡಿ ವೈರಸ್ಸನ್ನು ಕರಗಿಸುತ್ತವೆ. ಒಂದೂವರೆ ಮೀಟರ್ ಎತ್ತರ-ಅಗಲದ ರಾಶಿ, ಹಿಂಡಿದರೆ ಒಂದೆರಡು ಹನಿ ಜಿನುಗುವಷ್ಟು ತೇವ, ವಾರಕ್ಕೊಮ್ಮೆ ಹೊರಪದರ ಒಳಕ್ಕೆ ಹೋಗುವಂತೆ ಮಗುಚುವುದು, ಇಷ್ಟು ಮಾಡಿ ವರ್ಷ ಬಿಟ್ಟು ಬಳಸಿ. ಬಳಸುವುದೂ ತೆಂಗು, ಮಾವು, ರಾಗಿ, ಮುಸುಕಿನ ಜೋಳಕ್ಕೆ. ಟೊಮೆಟೊ, ಮೆಣಸು, ಬದನೆ, ಆಲೂಗಡ್ಡೆಗೆ ಅಲ್ಲ. ಇದು ದುಬಾರಿ ಉಪಾಯವೇನಲ್ಲ, ಗೊಬ್ಬರದ ಗಾಡಿ ತಿರುಗುವ ದಿಕ್ಕು ಬದಲಾಗಬೇಕು ಅಷ್ಟೆ.

ನಿವಾರಣೆ: ಉಳಿದ ಬೇರನ್ನು ಕೊಳೆಸುವುದು

ಎಷ್ಟು ಕಿತ್ತರೂ ಸಣ್ಣ ಬೇರು ಉಳಿಯುತ್ತದೆ. ಹಳೆಯ ಮಡಿ ಒಡೆದು, ದಾರಿಯ ಮಣ್ಣೂ ಸೇರುವಂತೆ ಸಮ ಮಾಡಿ. ಡ್ರಿಪ್ ಬದಲು ಸ್ಪ್ರಿಂಕ್ಲರ್ ಅಥವಾ ಪೈಪಿನಿಂದ ಇಡೀ ನೆಲ ತೋಯಿಸಿ; ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ನೀರು ಬಸಿಯಬಾರದು. ನೀರು ನಿಂತರೆ ಗಾಳಿಯಿಲ್ಲದೆ ಕೊಳೆಯುವುದು ನಿಧಾನವಾಗುತ್ತದೆ. ಈ ತೇವವನ್ನು ಆರರಿಂದ ಎಂಟು ವಾರ ಕಾಯ್ದುಕೊಂಡು ಹತ್ತು-ಹನ್ನೆರಡು ದಿನಕ್ಕೊಮ್ಮೆ ತಿರುವಿ. ಟ್ರೈಕೋಡರ್ಮಾ, ಡಿಕಾಂಪೋಸರ್ ದ್ರಾವಣ ಹಾಕುವವರು ಹಾಕಬಹುದು. ಅವು ಕೊಳೆಯುವಿಕೆಯನ್ನು ಚುರುಕುಗೊಳಿಸುತ್ತವೆ, ವೈರಸ್ಸನ್ನು ಕೊಲ್ಲುವ ಔಷಧಿಗಳಲ್ಲ. ಜರಡಿ ಹಿಡಿದಾಗ ಬೇರಿನ ಚೂರು ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಹಂತಕ್ಕೆ ಬಂದ ಮೇಲೆ ನೀರು ನಿಲ್ಲಿಸಿ, ಎರಡು ಮೂರು ವಾರ ತಿರುವುತ್ತ ಒಣಗಿಸಿ, ಒಮ್ಮೆ ತೋಯಿಸಿ ಮತ್ತೆ ಒಣಗಿಸಿ. ಆಮೇಲೆ ಎರೆ ಗಿಡದ ಪರೀಕ್ಷೆ.

ಪರೀಕ್ಷೆಯ ಗಿಡಗಳಿಗೆ ಮತ್ತೆ ರೋಗ ಬಂದರೆ ಒಂದು ಬೆಳೆ ಬದಲಿಸಿ: ಹುರುಳಿಕಾಯಿ, ಸೊಪ್ಪು, ಮುಸುಕಿನ ಜೋಳ. ಮೆಣಸು-ಟೊಮೆಟೊದ ವೈರಸ್ಸಿದ್ದಲ್ಲಿ ಸೌತೆ ನಡೆಯುತ್ತದೆ, ಸೌತೆಯ ವೈರಸ್ಸಿದ್ದಲ್ಲಿ ಮೆಣಸು ನಡೆಯುತ್ತದೆ.

ಕೆಲಸಕ್ಕೆ ಬಾರದವನ್ನೂ ಹೇಳಬೇಕು. ಪಾರದರ್ಶಕ ಹಾಳೆ ಹೊದಿಸಿ ಬಿಸಿಲಿಗೆ ಕಾಯಿಸುವುದರಿಂದ ಮೇಲ್ಪದರ ಐವತ್ತು ಡಿಗ್ರಿ ಆಸುಪಾಸಿಗೆ ಏರುತ್ತದೆ. ಜಂತುಹುಳು, ಸೊರಗು ಶಿಲೀಂಧ್ರಕ್ಕೆ ಅದು ಒಳ್ಳೆಯದು; 90 ಡಿಗ್ರಿ ತಾಳುವ ವೈರಸ್ಸಿಗೆ ಅದರ ಬಿಸಿ ಲೆಕ್ಕಕ್ಕಿಲ್ಲ. ಫಾರ್ಮಾಲಿನ್, ಇತರ ಧೂಮಕಗಳು ಬೇರಿನ ಒಳಗಿನ ವೈರಸ್ಸಿಗೆ ಭರವಸೆಯ ಮದ್ದಲ್ಲ. ಅಷ್ಟೇ ಅಲ್ಲ, ಕೊಳೆಸುವ ಸೂಕ್ಷ್ಮಜೀವಿಗಳನ್ನು ಕೊಂದು ಬೇರು ಉಳಿಯುವ ಅವಧಿಯನ್ನು ಹಿಗ್ಗಿಸುತ್ತವೆ. ಸುಣ್ಣ ಹಾಕಿದರೆ ಜೇಡಿಗೆ ಅಂಟಿದ ಕಣ ಸಡಿಲವಾಗಬಹುದೇ ಹೊರತು ಸಾಯುವುದಿಲ್ಲ. ಹಬೆ ಕೆಲಸ ಮಾಡುತ್ತದೆ, ಆದರೆ ಬೇಕಾದ ಆಳದಲ್ಲಿ 90 ಡಿಗ್ರಿ ಹತ್ತು ನಿಮಿಷ ನಿಂತಿತೇ ಎಂದು ಥರ್ಮಾಮೀಟರ್ ಚುಚ್ಚಿ ನೋಡಬೇಕು. ನರ್ಸರಿ ಮಣ್ಣಿಗೆ ಹೊಂದುತ್ತದೆ, ಎಕರೆಗಟ್ಟಲೆ ನೆಲಕ್ಕೆ ಖರ್ಚು ಗಿಟ್ಟುವುದಿಲ್ಲ.

ನಾಟಿ ಮತ್ತು ಕೈ

ದೊಣ್ಣೆ ಮೆಣಸಿನ ಬೀಜದ ಪೊಟ್ಟಣದಲ್ಲಿ ಟೊಬಾಮೊ ನಿರೋಧದ ಗುರುತಾಗಿ ಟಿಎಂ: 0, ಟಿಎಂ: 0-2, ಟಿಎಂ: 0-3 ಎಂದು ಇರುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಹೆಚ್ಚು ಪ್ರಭೇದಗಳಿಗೆ ನಿರೋಧ. ಟೊಮೆಟೊದಲ್ಲಿ ಟಿಎಂ-2² ಜೀನ್ ಮೊಸಾಯಿಕ್ ತಡೆಯುತ್ತದೆ, ಬ್ರೌನ್ ರುಗೋಸ್ ಅದನ್ನು ಮೀರುತ್ತದೆ. ಎಲೆ ಮುಟುರಿಗೆ ನಿರೋಧವಿರುವ ತಳಿ ಮೊಸಾಯಿಕ್‌ಗೂ ನಿರೋಧಕ ಎಂಬುದು ತಪ್ಪು ಗ್ರಹಿಕೆ. ನಿರೋಧಕ ಹೈಬ್ರಿಡ್ ಆದರೂ, ಸೋಂಕು ಜೋರಾಗಿರುವ ಮಣ್ಣಿನಲ್ಲಿ ಬಿರುಬೇಸಿಗೆಗೆ ನೆಟ್ಟರೆ ಮಚ್ಚೆಯ ಬದಲು ಕಾಂಡ, ಎಲೆಯ ಮೇಲೆ ಕಂದು ಸುಟ್ಟ ಕಲೆಗಳು ಬರಬಹುದು. ಅಂಗಮಾರಿ ಎಂದು ಶಿಲೀಂಧ್ರನಾಶಕ ಹೊಡೆಯುವ ಮುನ್ನ ಸ್ಟ್ರಿಪ್ ಹಾಕಿ.

ಜಪಾನಿನಲ್ಲಿ ಮೀಥೈಲ್ ಬ್ರೋಮೈಡ್ ಎಂಬ ಮಣ್ಣಿನ ಧೂಮಕದ ಬಳಕೆ ನಿಂತ ಮೇಲೆ ಬಂದ ಒಂದು ಉಪಾಯ ಇಲ್ಲಿಗೂ ಹೊಂದುತ್ತದೆ: ಮಣ್ಣಿನಲ್ಲಿ ಕರಗುವ ಕಾಗದದ ಕುಂಡದಲ್ಲಿ ಸಸಿ ಬೆಳೆಸಿ ಕುಂಡ ಸಮೇತ ನಾಟಿ ಮಾಡುವುದು. ಗಾಯಗೊಂಡ ಎಳೆ ಬೇರಿಗೂ ಸೋಂಕಿನ ಮಣ್ಣಿಗೂ ಮೊದಲ ವಾರಗಳಲ್ಲಿ ಭೇಟಿಯೇ ಆಗುವುದಿಲ್ಲ.

ಬೀಜಕ್ಕೆ ಶೇ 10ರ ಟ್ರೈಸೋಡಿಯಂ ಫಾಸ್ಫೇಟ್‌ನಲ್ಲಿ 20 ನಿಮಿಷ ನೆನೆಸಿ, ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಕಂಪನಿ ಉಪಚಾರ ಮಾಡಿ ಬಣ್ಣ ಕಟ್ಟಿದ ಬೀಜಕ್ಕೆ ಮತ್ತೆ ಬೇಡ. ಕತ್ತರಿ, ಕ್ರೇಟು, ಆಸರೆ ಕಡ್ಡಿಗೆ ಶೇ 0.5ರ ಕ್ಲೋರಿನ್: ಶೇ 30ರ ಬ್ಲೀಚಿಂಗ್ ಪೌಡರ್ ಆದರೆ ಲೀಟರಿಗೆ 17 ಗ್ರಾಂ, ತಿಳಿ ಬಸಿದು, ಅಂದೇ ಬಳಸಿ. ಮಣ್ಣು ಮೆತ್ತಿದ ಸಾಮಾನನ್ನು ನೇರ ಅದ್ದಿದರೆ ಕ್ಲೋರಿನ್ ಮಣ್ಣಿಗೇ ಖರ್ಚಾಗುತ್ತದೆ, ಮೊದಲು ತೊಳೆಯಿರಿ. ಕೈಗೆ ಲೀಟರ್ ನೀರಿಗೆ 200 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ. ಪ್ರತಿ ಗಿಡಕ್ಕೂ ಕೈ ಅದ್ದಬೇಕು, ಒಣಗಲು ಬಿಡಬಾರದು. ಹಾಲಿನ ಪ್ರೋಟೀನು ಕಣವನ್ನು ಸುತ್ತಿಕೊಂಡು ಗಿಡಕ್ಕೆ ಹತ್ತದಂತೆ ಮಾಡುತ್ತದೆ. ಆಲ್ಕೊಹಾಲ್ ಸ್ಯಾನಿಟೈಸರ್ ಮೇಲೆ ಭರವಸೆ ಇಡಬೇಡಿ. ಬ್ಲೇಡಿನ ಬದಲು ಚಿಗುರನ್ನು ಪಕ್ಕಕ್ಕೆ ಬಾಗಿಸಿ ಮುರಿದರೆ ರಸ ಕಡಿಮೆ ತಾಗುತ್ತದೆ.

ಕಡಲೆಕಾಯಿಗೆ ಇದೇ ಸಲಹೆ ಬೇಡ

ಪಂಜಾಬ್, ರಾಜಸ್ಥಾನ, ಆಂಧ್ರದ ಮರಳು ಮಿಶ್ರಿತ ನೆಲದಲ್ಲಿ ಕಡಲೆಕಾಯಿ ಗಿಡ ವರ್ಷವರ್ಷ ಅದೇ ಜಾಗದಲ್ಲಿ ಕುಳ್ಳಾಗಿ ಪೊದೆಯಾಗುವ ಇಂಡಿಯನ್ ಪೀನಟ್ ಕ್ಲಂಪ್ ವೈರಸ್ಸೂ ಮಣ್ಣಿನದೇ. ಆದರೆ ಅದು ಬೇರಿನ ತುಂಡಿನಲ್ಲಲ್ಲ, ಪಾಲಿಮಿಕ್ಸಾ ಎಂಬ ಬೇರಿನ ಪರಾವಲಂಬಿಯ ಸುಪ್ತ ಬೀಜಕಗಳಲ್ಲಿ ವರ್ಷಗಟ್ಟಲೆ ಅಡಗುತ್ತದೆ. ಪಾಲಿಮಿಕ್ಸಾಕ್ಕೆ ಜೋಳ, ಸಜ್ಜೆ, ಗೋಧಿಯ ಬೇರೇ ಇಷ್ಟ. ಅಲ್ಲಿ ಜೋಳ ಹಾಕಿ ಬೆಳೆ ಬದಲಿಸಿದರೆ ರೋಗವನ್ನೇ ಸಾಕಿದಂತೆ.

ಮುಂದಿನ ಬೆಳೆಯಲ್ಲಿ ನೋಡಬೇಕಾದದ್ದು

ನಾಟಿಯಾಗಿ 20ನೇ ದಿನದಿಂದ 45ನೇ ದಿನದವರೆಗೆ ವಾರಕ್ಕೆರಡು ಸಲ ಸುಳಿ ನೋಡುತ್ತ ಸಾಲು ಸುತ್ತಿ, ಚಿವುಟುವ ಕೆಲಸಕ್ಕೆ ಮೊದಲು. ಮಚ್ಚೆಯ ಗಿಡ ಸಿಕ್ಕರೆ ಅಂದು ಆ ಸಾಲಿನಲ್ಲಿ ಚಿವುಟುವುದು ಬೇಡ. ಗಿಡದ ಮೇಲೆ ಪ್ಲಾಸ್ಟಿಕ್ ಚೀಲ ಕವುಚಿ, ಬೇರು ಮತ್ತು ಒಂದು ಬೊಗಸೆ ಮಣ್ಣು ಸಮೇತ ಕೀಳಿ. ಎರಡೂ ಬದಿಯ ಎರಡೆರಡು ಗಿಡಕ್ಕೆ ಪಟ್ಟಿ ಕಟ್ಟಿ, ಕೆಲಸದ ಸರದಿಯಲ್ಲಿ ಅವು ಕೊನೆಗೆ ಬರಲಿ. ಕಿತ್ತ ಗುಂಡಿಗೆ ಬದಲಿ ಸಸಿ ನೆಡಬೇಡಿ. 45 ದಿನದೊಳಗೆ ಒಂದೇ ಮಡಿಯಲ್ಲಿ ಮೂರಕ್ಕಿಂತ ಹೆಚ್ಚು ಒಂಟಿ ಗಿಡ ಸಿಕ್ಕಿದರೆ ಆ ಮಡಿಗೆ ಬೇರೆಯೇ ಕತ್ತರಿ, ಬೇರೆಯೇ ಕ್ರೇಟು ಇಟ್ಟು, ಬೆಳೆ ಮುಗಿದ ಮೇಲೆ ಅದರ ಮಣ್ಣನ್ನು ಮಾತ್ರ ಮತ್ತೆ ಕೊಳೆಸುವ ಸುತ್ತಿಗೆ ಹಾಕಿ.